ನಮ್ಮ ಹುಡುಗ ಅಲ್ಕರಾಜ್ ಆಗೋಕೆ ಎಷ್ಟು ವರ್ಷ ಬೇಕು?

ಬಳ್ಳಾರಿಯಲ್ಲಿ ನನ್ನದೊಂದು ಸ್ಪೋರ್ಟ್ಸ್ ಅಂಗಡಿ ಇದೆ. ಚಿಕ್ಕದು. ಕ್ರಿಕೆಟ್ ಬ್ಯಾಟು, ಕೇರಂ ಪೌಡರು, ಶಾಲೆಗಳಿಗೆ ಬಹುಮಾನದ ಕಪ್, ಮೆಡಲ್ಲು, ಇಷ್ಟರ ಮೇಲೆ ನಡೆಯುತ್ತದೆ. ಟೆನಿಸ್ ಬಾಲು ಡಜನ್‌ಗಟ್ಟಲೆ ಹೋಗುತ್ತವೆ, ಆದರೆ ಅವು ಟೆನಿಸ್ ಆಡೋಕಲ್ಲ, ಗಲ್ಲಿ ಕ್ರಿಕೆಟ್ಟಿಗೆ. ಹಿಂದಿನ ಮೂಲೆಯಲ್ಲಿ ಗಟ್ಟಿಂಗ್ ಮೆಷಿನ್, ಅಂದರೆ ರಾಕೆಟ್ಟಿಗೆ ತಂತಿ ಬಿಗಿಯೋ ಮೆಷಿನ್, ಇಟ್ಟಿದ್ದೇನೆ. ದಿನಕ್ಕೆ ಐದಾರು ಶಟಲ್ ರಾಕೆಟ್ ಬರುತ್ತವೆ. ಟೆನಿಸ್ ರಾಕೆಟ್ ವಾರಕ್ಕೊಂದು ಬಂದರೆ ಅದೇ ಜಾಸ್ತಿ.

ವರ್ಷದಲ್ಲಿ ಎರಡು ಮೂರು ವಾರ ಮಾತ್ರ ಲೆಕ್ಕ ಬೇರೆ. ಟಿವಿಯಲ್ಲಿ ಯಾವುದಾದರೂ ದೊಡ್ಡ ಫೈನಲ್ ಆಗಿರುತ್ತದೆ, ಮರುದಿನವೇ ಅಪ್ಪಂದಿರು ಮಕ್ಕಳ ಕೈ ಹಿಡಿದುಕೊಂಡು ಅಂಗಡಿಗೆ ಬರುತ್ತಾರೆ. 2025ರ ಜೂನ್ 8ರ ಭಾನುವಾರ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಓಪನ್ ಟೆನಿಸ್ ಫೈನಲ್ ಇತ್ತಲ್ಲ, ಸ್ಪೇನಿನ ಅಲ್ಕರಾಜ್‌ಗೂ ಇಟಲಿಯ ಸಿನ್ನರ್‌ಗೂ, ನಮ್ಮ ಕಡೆ ಸಂಜೆ ಆರೂವರೆ ಸುಮಾರಿಗೆ ಶುರುವಾಗಿ ಮಧ್ಯರಾತ್ರಿ ದಾಟಿದ ಮೇಲೆ ಮುಗೀತಲ್ಲ, ಆ ವಾರ ನಾನು ಹನ್ನೊಂದು ಚಿಕ್ಕ ರಾಕೆಟ್ ಮಾರಿದೆ. ಹನ್ನೊಂದರಲ್ಲಿ ಏಳು ಜನ ಒಂದೇ ಪ್ರಶ್ನೆ ಕೇಳಿದರು.

"ಅಣ್ಣಾ, ನಮ್ಮ ಹುಡುಗ ಅವನಂಗ ಆಗಾಕ ಎಷ್ಟು ವರ್ಷ ಬೇಕು?"

ಕೌಂಟರಿನಲ್ಲಿ ನಿಂತು ಇದಕ್ಕೆಲ್ಲ ಉತ್ತರ ಹೇಳೋಕೆ ಆಗಲ್ಲ. ಹಿಂದೆ ಇನ್ನೊಬ್ಬರು ಶಟಲ್ ಕಾಕ್ ಕೇಳುತ್ತಾ ನಿಂತಿರುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಕೋಚ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಬೆಳಗ್ಗೆ ಡಬಲ್ಸ್ ಆಡುತ್ತೇನೆ, ಗಟ್ ಹಾಕುತ್ತೇನೆ, ಮ್ಯಾಚ್ ನೋಡುತ್ತೇನೆ. ಅಷ್ಟೇ ನನ್ನ ಅರ್ಹತೆ.

ಲೆಕ್ಕದ ಉತ್ತರ ಬೇಕಂದರೆ, ಹದಿನೈದು ವರ್ಷ. ಕಾರ್ಲೊಸ್ ಅಲ್ಕರಾಜ್ ನಾಲ್ಕರ ಆಸುಪಾಸಿನಲ್ಲಿ ರಾಕೆಟ್ ಹಿಡಿದ, ಹತ್ತೊಂಬತ್ತಕ್ಕೆ ಜಗತ್ತಿನ ನಂಬರ್ ಒನ್ ಆದ. ಅದಕ್ಕಿಂತ ಚಿಕ್ಕ ವಯಸ್ಸಿನಲ್ಲಿ ಎಟಿಪಿ, ಅಂದರೆ ಗಂಡಸರ ವೃತ್ತಿಪರ ಟೆನಿಸ್ ಸಂಘದ, ರ್‍ಯಾಂಕಿಂಗ್‌ನಲ್ಲಿ ಯಾವ ಗಂಡಸೂ ಅಲ್ಲಿಗೆ ಮುಟ್ಟಿರಲಿಲ್ಲ. ಅಂದರೆ ಎಲ್ಲಕ್ಕಿಂತ ಬೇಗ ಆದವನಿಗೇ ಹದಿನೈದು ವರ್ಷ ಹಿಡಿಯಿತು. ಇದನ್ನ ಹೇಳಿದ ಕೂಡಲೇ ಅರ್ಧ ಜನ ರಾಕೆಟ್ ಕೆಳಗಿಟ್ಟು ಸ್ಕೇಟಿಂಗ್ ಶೂ ರೇಟು ಕೇಳುತ್ತಾರೆ. ಉಳಿದವರಿಗಾಗಿ ಮುಂದಿನದು.

ನಾವು ಟಿವಿಯಲ್ಲಿ ನೋಡಿದ್ದು ಬರೀ ಎರಡು ವರ್ಷ. 2020ರ ಕೊನೆಗೆ ಅವನು 141ನೇ ಸ್ಥಾನದಲ್ಲಿದ್ದ. 2021ರ ಕೊನೆಗೆ 32. 2022ರ ಸೆಪ್ಟೆಂಬರಿನಲ್ಲಿ ಅಮೆರಿಕನ್ ಓಪನ್ ಫೈನಲ್‌ನಲ್ಲಿ ಕ್ಯಾಸ್ಪರ್ ರೂಡ್‌ನನ್ನು ಸೋಲಿಸಿ ನಂಬರ್ ಒನ್. ಅದಕ್ಕೂ ಮೊದಲು, ಮೇ ತಿಂಗಳಲ್ಲಿ ಮ್ಯಾಡ್ರಿಡ್‌ನಲ್ಲಿ ಒಂದು ದಿನ ನಡಾಲ್, ಮರುದಿನ ಜೊಕೊವಿಚ್, ಇಬ್ಬರನ್ನೂ ಬೆನ್ನುಬೆನ್ನಿಗೆ ಸೋಲಿಸಿದ್ದ. ನಮ್ಮ ಕಣ್ಣಿಗೆ ರಾಕೆಟ್ಟಿನಂತೆ ಮೇಲೆ ಹೋದ ಹಾಗೆ ಕಾಣುತ್ತದೆ. ಆದರೆ ಗಟ್ ಹಾಕುವವನಿಗೆ ಒಂದು ವಿಷಯ ಗೊತ್ತಿರುತ್ತದೆ. ಮೊದಲು ಉದ್ದದ ತಂತಿಗಳನ್ನೆಲ್ಲ ಎಳೆದು ಮುಗಿಸಬೇಕು, ಆಮೇಲೆ ಅಡ್ಡ ತಂತಿ. ಉದ್ದದವು ಹಾಕುವಾಗ ನೋಡಿದರೆ ರಾಕೆಟ್ ಅನ್ನಿಸೋದೇ ಇಲ್ಲ, ಬಾಚಣಿಗೆ ಥರ ಇರುತ್ತದೆ. ಅಡ್ಡ ತಂತಿ ಬಿಗಿಯಾಗುತ್ತಾ ಬಂದಾಗಲೇ ಗಿರಾಕಿ ಹತ್ತಿರ ಬಂದು "ಆಯ್ತಾ ಅಣ್ಣಾ?" ಅಂತಾನೆ. ಆ ಹುಡುಗನ ಉದ್ದದ ತಂತಿ ಹಾಕಿದವರು ಯಾರು ಅಂತ ನೋಡಬೇಕು.

ಅವನ ಊರು ಎಲ್ ಪಾಲ್ಮಾರ್, ಸ್ಪೇನ್ ದೇಶದ ಮುರ್ಸಿಯಾ ಪಕ್ಕದ್ದು. ಮುರ್ಸಿಯಾ ಬಗ್ಗೆ ಓದಿದಾಗ ನನಗೆ ನಗು ಬಂತು. ಬಿಸಿಲು, ಕಮ್ಮಿ ಮಳೆ, ಕಾಲುವೆ ನೀರಿನ ಬೇಸಾಯ, ಜೊತೆಗೆ ಕೆಂಪು ಮೆಣಸಿನಕಾಯಿ ಪುಡಿಗೆ ಹೆಸರು. ಅಂದರೆ ಹೆಚ್ಚು ಕಡಿಮೆ ನಮ್ಮ ಸಿರುಗುಪ್ಪ ಕಡೆಯೇ ಅಲ್ವಾ! ಇನ್ನು ಫ್ರೆಂಚ್ ಓಪನ್‌ನ ಆ ಕೆಂಪು ಅಂಕಣ ಇದೆಯಲ್ಲ, ಅದು ಮಣ್ಣೂ ಅಲ್ಲ. ಸುಣ್ಣಕಲ್ಲಿನ ಪುಡಿಯ ಹಾಸು, ಅದರ ಮೇಲೆ ಎರಡು ಮಿಲಿಮೀಟರಿನಷ್ಟು ಇಟ್ಟಂಗಿ ಪುಡಿ. ಕೆಂಪು ಧೂಳಿಗೆ ನಮ್ಮೂರಲ್ಲಿ ಬರವಿಲ್ಲ. ಅದಿರಿನ ಲಾರಿ ಹೋದ ರಸ್ತೆಯಲ್ಲಿ ಬೈಕ್ ಓಡಿಸಿ ಬಂದರೆ ಮೈಯೆಲ್ಲ ಪ್ಯಾರಿಸ್ಸೇ.

ಹಾಗಾದರೆ ಎಲ್ಲಿ ವ್ಯತ್ಯಾಸ? ದುಡ್ಡು ಅಂತಾರೆ ಎಲ್ಲರೂ. ಪೂರ್ತಿ ನಿಜ ಅಲ್ಲ. ಅವನ ಅಪ್ಪ ಒಳ್ಳೇ ಆಟಗಾರ, ದುಡ್ಡಿಲ್ಲದೇ ವೃತ್ತಿಪರ ಟೆನಿಸ್‌ಗೆ ಹೋಗೋಕೆ ಆಗಲಿಲ್ಲ. ಮುರ್ಸಿಯಾದ ಕ್ಲಬ್ಬಿನಲ್ಲೇ ಟೆನಿಸ್ ನೋಡಿಕೊಳ್ಳುವ ಕೆಲಸ ಹಿಡಿದರು. ಮಗ ಅಲ್ಲೇ ಬೆಳೆದ. ಹುಡುಗನಿಗೆ ಹತ್ತು ವರ್ಷವಾದಾಗ ಕ್ರೊಯೇಷಿಯಾಕ್ಕೆ ಆಡೋಕೆ ಹೋಗಬೇಕು, ಮನೆಯಲ್ಲಿ ಅಷ್ಟು ದುಡ್ಡಿಲ್ಲ. ಆ ಕಡೆಯ ಒಬ್ಬ ಉದ್ಯಮಿ, ಕಪ್ಪಿನಲ್ಲಿ ತುಂಬಿ ಮಾರುವ ಸಿಹಿತಿಂಡಿಗಳ ಕಂಪನಿಯವರು, ಖರ್ಚು ಕೊಟ್ಟರು. ನೋಡಿ, ನಮ್ಮ ಜಿಲ್ಲೆಯಲ್ಲಿ ಗಣಿ ಇಟ್ಟುಕೊಂಡವರು, ಜೀನ್ಸ್ ಹೊಲಿಸಿ ದೇಶಕ್ಕೆಲ್ಲ ಕಳಿಸುವವರು, ಅಕ್ಕಿ ಗಿರಣಿಯವರು ಎಷ್ಟಿದ್ದಾರೆ! ಸುಮ್ನೆ ಹೇಳಿದೆ.

ಅವನ ಅಜ್ಜನ ಮಾತೊಂದಿದೆ. ಆಟಕ್ಕೆ ಮೂರು ಬೇಕು, ಮೂರೂ ಸ್ಪ್ಯಾನಿಷ್‌ನಲ್ಲಿ 'ಸಿ'ಯಿಂದ ಶುರುವಾಗುತ್ತವೆ. ಒಂದು ತಲೆ, ಇನ್ನೊಂದು ಹೃದಯ, ಮೂರನೆಯದನ್ನ ಹೆಣ್ಣುಮಕ್ಕಳೂ ಓದುವ ಜಾಗದಲ್ಲಿ ಬರೆಯೋ ಹಾಗಿಲ್ಲ. ಗುಂಡಿಗೆ ಅಂತ ಇಟ್ಟುಕೊಳ್ಳಿ.

ಈಗ ನನ್ನ ಮಾತಿಗೆ ಬರುತ್ತೇನೆ. ಅಲ್ಕರಾಜ್ ತನ್ನ ಮೊದಲ ಎಟಿಪಿ ಪಾಯಿಂಟ್ ಗಳಿಸಿದ್ದು 2018ರ ಫೆಬ್ರವರಿಯಲ್ಲಿ, 14ನೇ ವಯಸ್ಸಿನಲ್ಲಿ. ಎಲ್ಲಿ? ಮುರ್ಸಿಯಾದಲ್ಲೇ. ತನ್ನೂರಲ್ಲೇ. ದೊಡ್ಡವರ ಅಂತರರಾಷ್ಟ್ರೀಯ ಟೂರ್ನಮೆಂಟ್ ಅವನ ಮನೆ ಬಾಗಿಲಿಗೆ ಬಂದಿತ್ತು. ಅದೇ ವರ್ಷ ಹುವಾನ್ ಕಾರ್ಲೊಸ್ ಫೆರೆರೊ ಹತ್ತಿರ ಸೇರಿದ, ಏಳು ವರ್ಷ ಅವರ ಕೈಯಲ್ಲೇ ಪಳಗಿದ. ಫೆರೆರೊ ಅಂದರೆ 2003ರಲ್ಲಿ ಫ್ರೆಂಚ್ ಓಪನ್ ಗೆದ್ದು ನಂಬರ್ ಒನ್ ಆದವರು. ಅವರು ಆ ಕಪ್ ಎತ್ತುವಾಗ ಈ ಹುಡುಗ ಒಂದು ತಿಂಗಳ ಕೂಸು. ಅವರ ಅಕಾಡೆಮಿ ಸ್ಪೇನಿನಲ್ಲೇ ವಿಯೇನಾ (Villena) ಅನ್ನೋ ಊರಲ್ಲಿದೆ, ಮುರ್ಸಿಯಾದಿಂದ ನೂರು ಕಿಲೋಮೀಟರ್ ಚಿಲ್ಲರೆ. ನಾವು ಬಳ್ಳಾರಿಯಿಂದ ಕೊಪ್ಪಳಕ್ಕೆ ಹೋಗಿ ಬಂದ ಹಾಗೆ. ನಂಬರ್ ಒನ್ ಆಗಿದ್ದ ಕೋಚು ಕೊಪ್ಪಳದಲ್ಲಿ ಕೂತಿದ್ದಾರೆ ಅಂದುಕೊಳ್ಳಿ!

ಅವನಿಗೆ ಇದ್ದದ್ದು ಇದು. ಮನೆ ಹತ್ತಿರ ಆಡೋಕೆ ಜಾಗ ಇತ್ತು, ಅದಕ್ಕಿಂತ ಮುಖ್ಯವಾಗಿ ಮನೆ ಹತ್ತಿರ ಸೋಲೋಕೆ ಜಾಗ ಇತ್ತು. ಟೆನಿಸ್‌ನಲ್ಲಿ ಪ್ರತಿ ವಾರ ಒಬ್ಬ ಬಿಟ್ಟು ಉಳಿದವರೆಲ್ಲ ಸೋಲುತ್ತಾರೆ. 32 ಜನ ಆಡೋ ಟೂರ್ನಮೆಂಟಿನಲ್ಲಿ 31 ಜನ ಸೋತೇ ಮನೆಗೆ ಹೋಗೋದು. ಹಾಗಾಗಿ ಪ್ರಶ್ನೆ ಇರೋದು ಒಂದು ಸೋಲಿಗೆ ಎಷ್ಟು ಖರ್ಚಾಗುತ್ತದೆ ಅನ್ನೋದರಲ್ಲಿ.

ಇದನ್ನ ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗಿ ನಮ್ಮ ಕೋರ್ಟಿಗೆ ಬರುತ್ತಿದ್ದಳು, ಹನ್ನೆರಡು ಹದಿಮೂರು ವಯಸ್ಸು. ನಮ್ಮ ಕೋರ್ಟ್ ಸಿಮೆಂಟಿನದು, ಬೇಸ್‌ಲೈನ್ ಹತ್ತಿರ ಉದ್ದಕ್ಕೆ ಬಿರುಕು ಬಿಟ್ಟಿದೆ, ಅದಕ್ಕೆ ಬಿದ್ದ ಬಾಲು ಎತ್ತ ಹಾರುತ್ತದೋ ದೇವರಿಗೇ ಗೊತ್ತು. ಆ ಹುಡುಗಿ ಬಿರುಕಿಗೆ ಬೀಳೋ ಬಾಲನ್ನ ನೆಲಕ್ಕೆ ಬೀಳುವ ಮೊದಲೇ ಮುಂದೆ ನುಗ್ಗಿ ಹೊಡೆಯೋದು ಕಲಿತಿದ್ದಳು. ಯಾರೂ ಹೇಳಿಕೊಟ್ಟಿದ್ದಲ್ಲ. ಅವಳ ರಾಕೆಟ್ಟಿನ ತುದಿ ನೆಲಕ್ಕೆ ಉಜ್ಜಿ ಉಜ್ಜಿ ಬಣ್ಣ ಹೋಗಿ ಕಪ್ಪಗೆ ಕಾಣುತ್ತಿತ್ತು, ತಿಂಗಳಿಗೊಮ್ಮೆ ಗಟ್ ಹರಿದುಕೊಂಡು ಬರುತ್ತಿದ್ದಳು. ತಂತಿ ಯಾವಾಗಲೂ ನಡುಮಧ್ಯದಲ್ಲೇ ಹರಿದಿರುತ್ತಿತ್ತು. ಚೆನ್ನಾಗಿ ಆಡೋರ ಗಟ್ ಅಲ್ಲೇ ಹರಿಯೋದು. ನನ್ನ ಥರದವರದ್ದು ಅಂಚಿನಲ್ಲಿ.

ಅವಳ ಅಪ್ಪ ಬೆಂಗಳೂರಿಗೆ ಅಂಡರ್ ಫೋರ್ಟೀನ್ ಟೂರ್ನಮೆಂಟಿಗೆ ಕರೆದುಕೊಂಡು ಹೋದರು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಗ್ಗೆ ಇಳಿಯೋದು, ಲಾಡ್ಜ್, ಆಟೋ, ಎಂಟ್ರಿ ಫೀ, ಊಟ. ಎದುರಿಗೆ ಬರೋದು ದಿನಾ ನಾಲ್ಕು ಗಂಟೆ ಕೋಚಿಂಗ್ ತಗೊಳ್ಳೋ ಹುಡುಗಿ. 6-1, 6-1. ಮುಕ್ಕಾಲು ಗಂಟೆಯ ಆಟ, ಅದಕ್ಕೆ ಆರು ಸಾವಿರ ಖರ್ಚು. ಹೀಗೆ ನಾಲ್ಕು ಸಲ ಹೋಗಿ ಬಂದರು. ಐದನೇ ಸಲ ಹೋಗಲಿಲ್ಲ. ನಾನು ಕೇಳಿದೆ, ಸೋತಳು ಅಂತ ಬಿಡಿಸಿಬಿಟ್ಟಿರಾ?

"ಸೋತಿದ್ದಕ್ಕಲ್ಲ ಅಣ್ಣಾ. ಸೋಲಾಕ ಅಷ್ಟು ದೂರ ಯಾಕ ಹೋಗಬೇಕು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ರಾಕೆಟ್ಟನ್ನ ಅರ್ಧ ರೇಟಿಗೆ ನಾನೇ ವಾಪಸ್ ತಗೊಂಡೆ.

ಇಲ್ಲಿಗೆ ಇನ್ನೊಂದು ಪ್ರಶ್ನೆ ಬರುತ್ತದೆ. ತೋರಣಗಲ್ಲು ಹತ್ತಿರ ವಿಜಯನಗರದಲ್ಲಿ ಅಷ್ಟು ದೊಡ್ಡ ಕ್ರೀಡಾ ಸಂಸ್ಥೆ ಇದೆಯಲ್ಲ, ನೀರಜ್ ಚೋಪ್ರಾ ಕೂಡ ಅಲ್ಲಿ ತಯಾರಿ ಮಾಡಿದ್ದರಲ್ಲ, ಅಲ್ಲಿಗೆ ಹಾಕಬಹುದಾ? ಅದು ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್‌ಗೆ ಹೆಸರಾದದ್ದು. ಟೆನಿಸ್‌ಗಲ್ಲ. ನಿಮ್ಮ ಮಗ ಗಟ್ಟಿಮುಟ್ಟಾಗಿದ್ದು ಜಗಳಗಂಟನಾಗಿದ್ದರೆ ಅದನ್ನೇ ವಿಚಾರಿಸಿ, ರಾಕೆಟ್ ದುಡ್ಡೂ ಉಳಿಯುತ್ತದೆ.

ನಮ್ಮ ಭಾಗದಲ್ಲಿ ಏನೂ ಆಗಲ್ಲ ಅಂತಲೂ ಅಲ್ಲ. 2023ರಲ್ಲಿ ಧಾರವಾಡದಲ್ಲಿ, ಆಮೇಲೆ ಕಲಬುರಗಿಯಲ್ಲಿ ಐಟಿಎಫ್, ಅಂದರೆ ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ, ಪುರುಷರ ಟೂರ್ನಮೆಂಟ್ ನಡೆಯಿತು. ಎರಡನ್ನೂ ರಾಮ್‌ಕುಮಾರ್ ರಾಮನಾಥನ್ ಗೆದ್ದರು. ರಾಯಚೂರಿನವರಿಗೆ ಕಲಬುರಗಿ ಅಂದರೆ ರೈಲಿನಲ್ಲಿ ಎರಡು ಎರಡೂವರೆ ಗಂಟೆ. ಅಲ್ಕರಾಜ್ ಮೊದಲ ಪಾಯಿಂಟ್ ಗಳಿಸಿದ್ದು ಇಂಥದ್ದೇ ಮಟ್ಟದ ಟೂರ್ನಮೆಂಟಿನಲ್ಲಿ. ಅಂಥವು ವರ್ಷಕ್ಕೆ ಒಂದಲ್ಲ, ಹತ್ತು ಬೇಕು. ದೊಡ್ಡವರದ್ದು ಬಿಡಿ, ಹನ್ನೆರಡು ಹದಿನಾಲ್ಕರ ಮಕ್ಕಳಿಗೆ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ರಾಯಚೂರು ಸುತ್ತಿಕೊಂಡು ತಿಂಗಳಿಗೊಂದು ನಡೆದರೂ ಸಾಕು. ಬೆಳಗ್ಗೆ ಬಸ್ಸಿಗೆ ಹೋಗಿ, ಸೋತು, ದಾರಿಯಲ್ಲಿ ಒಗ್ಗರಣೆ ಮಂಡಕ್ಕಿ ಮಿರ್ಚಿ ತಿಂದು ಸಂಜೆಗೆ ಮನೆ ಸೇರುವಂಥದ್ದು.

ದುಡ್ಡು ಮಾಡೋಕೆ ಟೆನಿಸ್‌ಗೆ ಹಾಕ್ತೀನಿ ಅನ್ನೋರಿಗೆ ಒಂದೇ ಮಾತು. ಸುಮಿತ್ ನಗಾಲ್ 2023ರಲ್ಲಿ ಭಾರತದ ನಂಬರ್ ಒನ್ ಆಗಿದ್ದಾಗಲೇ ತನ್ನ ಬ್ಯಾಂಕ್ ಖಾತೆಯಲ್ಲಿ 900 ಯೂರೊ ಉಳಿದಿದೆ ಅಂತ ಹೇಳಿಕೊಂಡಿದ್ದರು. ಆಗಿನ ಲೆಕ್ಕದಲ್ಲಿ ಒಂದು ಲಕ್ಷವೂ ಇಲ್ಲ. ಕೆಲವೇ ತಿಂಗಳಿಗೆ, 2024ರ ಜನವರಿಯಲ್ಲಿ, ಆಸ್ಟ್ರೇಲಿಯನ್ ಓಪನ್‌ನಲ್ಲಿ ಶ್ರೇಯಾಂಕಿತ ಬುಬ್ಲಿಕ್‌ನನ್ನು ಸೋಲಿಸಿದರು. ಅದೇ ಟೂರ್ನಿಯಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಡಬಲ್ಸ್ ಕಪ್ ಗೆದ್ದು ಡಬಲ್ಸ್‌ನಲ್ಲಿ ನಂಬರ್ ಒನ್ ಆದರು. ನಂಬರ್ ಒನ್ ಆದಾಗ ಅಲ್ಕರಾಜ್‌ಗೆ 19, ಬೋಪಣ್ಣ ಅವರಿಗೆ 43. ಎಷ್ಟು ವರ್ಷ ಅಂತ ನನ್ನ ಕೇಳಿದರೆ ನಾನೇನು ಹೇಳಲಿ?

ಅಪ್ಪಂದಿರಿಗೆ ಇನ್ನೊಂದು ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. ಕೋರ್ಟಿನ ಜಾಲರಿ ಹಿಂದೆ ನಿಂತು ಒಬ್ಬರು ಮಗನ ಆಟ ನೋಡುತ್ತಿದ್ದರು. ಬೈಯುತ್ತಿರಲಿಲ್ಲ, ಪಾಪ. ಹುಡುಗ ಬಾಲು ನೆಟ್ಟಿಗೆ ಹೊಡೆದಾಗಲೆಲ್ಲ ಬಾಯಲ್ಲಿ "ಚ್ಚ್" ಅಂತಿದ್ದರು, ಅಷ್ಟೇ. ಅರ್ಧ ಗಂಟೆಯಲ್ಲಿ ಆ ಹುಡುಗ ಹೊಡೆದ ಬಾಲು ಎಲ್ಲಿ ಬಿತ್ತು ಅಂತ ನೋಡೋದನ್ನೇ ಬಿಟ್ಟ. ಹೊಡೆಯೋದು, ಜಾಲರಿ ಕಡೆ ತಿರುಗೋದು. ಅವನು ಅಪ್ಪನ ಜೊತೆ ಆಡುತ್ತಿದ್ದ, ಎದುರಿಗಿದ್ದವನ ಜೊತೆ ಅಲ್ಲ.

ಆ ಪ್ಯಾರಿಸ್ ಫೈನಲ್ ಇನ್ನೊಮ್ಮೆ ಸಿಕ್ಕರೆ ನಾಲ್ಕನೇ ಸೆಟ್ ಮಗನಿಗೆ ತೋರಿಸಿ. ಎರಡು ಸೆಟ್ ಕೈಬಿಟ್ಟು ಒಂದು ಗೆದ್ದಿದ್ದಾನೆ ಅಲ್ಕರಾಜ್. ನಾಲ್ಕನೆಯದರಲ್ಲಿ 3-5, ಸರ್ವ್ ಅವನದೇ, 0-40. ಇನ್ನೊಂದೇ ಒಂದು ಪಾಯಿಂಟ್ ಸಿಕ್ಕರೆ ಸಿನ್ನರ್ ಚಾಂಪಿಯನ್, ಅಂಥ ಮೂರು ಅವಕಾಶ ಒಟ್ಟಿಗೆ. ಮೂರನ್ನೂ ಉಳಿಸಿಕೊಂಡ, ಒಟ್ಟು 5 ಗಂಟೆ 29 ನಿಮಿಷ ಆಡಿ ಗೆದ್ದ. ಅಷ್ಟು ಉದ್ದದ ಫೈನಲ್ ಅಲ್ಲಿ ಅದಕ್ಕೂ ಮೊದಲು ನಡೆದಿರಲಿಲ್ಲ. 0-40 ಇದ್ದಾಗ ನಾನು ಟಿವಿ ಆರಿಸಿ ಊಟಕ್ಕೆ ಕೂತಿದ್ದೆ, ಮುಗೀತು ಅಂದುಕೊಂಡು. ಗೆಳೆಯ ಫೋನ್ ಮಾಡಿ ಬೈದ ಮೇಲೆ ಮತ್ತೆ ಹಾಕಿದ್ದು.

ನಾವು ನಾಲ್ಕೈದು ಜನ ಸೇರಿ ಈಗ ತಿಂಗಳ ಎರಡನೇ ಭಾನುವಾರ ಮಕ್ಕಳಿಗೆ ಆಟ ಇಟ್ಟುಕೊಂಡಿದ್ದೇವೆ. ಟೂರ್ನಮೆಂಟ್ ಅನ್ನೋಕೆ ನಾಚಿಕೆ. ಹತ್ತು ಪಾಯಿಂಟಿನ ಆಟ, ಸೋತವರು ಮನೆಗೆ ಹೋಗೋ ಹಾಗಿಲ್ಲ, ಎಲ್ಲರೂ ಎಲ್ಲರ ಜೊತೆ ಆಡಬೇಕು. ಕಳೆದ ಸಲ ಒಂಬತ್ತು ಮಕ್ಕಳು ಬಂದಿದ್ದರು, ಇಬ್ಬರು ಸಂಡೂರಿನಿಂದ. ಫೀ ಐವತ್ತು ರೂಪಾಯಿ, ಅದೂ ಬಾಲಿಗೆ. ಬರೋದಾದರೆ ಬೆಳಗ್ಗೆ ಆರಕ್ಕೇ ಬನ್ನಿ, ಒಂಬತ್ತಾದರೆ ಆ ಸಿಮೆಂಟಿನ ಮೇಲೆ ಕಾಲಿಡೋಕೆ ಆಗಲ್ಲ. ರಾಕೆಟ್ ಇಲ್ಲದಿದ್ದರೆ ನನ್ನ ಹತ್ತಿರ ಎರಡು ಮೂರು ಹಳೇವು ಇವೆ. ಒಂದರ ತುದಿಯಲ್ಲಿ ಬಣ್ಣ ಹೋಗಿದೆ, ಆದರೆ ಗಟ್ ಹೊಸದು. ನೀರು ಮಾತ್ರ ನೀವೇ ತನ್ನಿ, ಅಲ್ಲಿನ ನಲ್ಲಿ ಕೆಟ್ಟಿದೆ.