ತೆಳು ಗೆರೆ ನೋಡಿ ‘ಕಮ್ಮಿಯಾಗಿದೆ’ ಅಂದದ್ದು

ನಮ್ಮ ಲ್ಯಾಬಿಗೆ ಮತ್ತೆ ಬಂದ ಯಜಮಾನರೊಬ್ಬರಿಗೆ ಹದಿನಾಲ್ಕು ದಿನದ ಆ್ಯಂಟಿಬಯೋಟಿಕ್ ಕೋರ್ಸ್ ಮುಗಿದು ಆರು ವಾರವಾಗಿತ್ತು. ಡಾಕ್ಟರ ಚೀಟಿಯಲ್ಲಿ ಮತ್ತೆ ‘ಎಚ್. ಪೈಲೋರಿ’ (ಹೊಟ್ಟೆಯಲ್ಲಿ ಅಲ್ಸರ್ ತರಬಲ್ಲ ಬ್ಯಾಕ್ಟೀರಿಯಾ) ಅಂತಷ್ಟೇ ಬರೆದಿತ್ತು. ನಮ್ಮ ಸಾಫ್ಟ್‌ವೇರಿನಲ್ಲಿ ಆ ಹೆಸರು ಒತ್ತಿದರೆ ಬರುವುದು ರಕ್ತದ ಸೀರಂ ಹಾಕಿ ಗೆರೆ ನೋಡುವ ಕಾರ್ಡ್ ಒಂದೇ.

ಗುಂಡಿಗೆ 10 ಮೈಕ್ರೋಲೀಟರ್ ಸೀರಂ, ಎರಡು ಹನಿ ಬಫರ್, ಟೈಮರ್ ಆನ್. ಮೂರನೇ ನಿಮಿಷಕ್ಕೆ ಕಾರ್ಡ್ ಸರಿಯಿದೆ ಅನ್ನುವ ಸಿ ಗೆರೆ ಎದ್ದಿತು, ಪಾಸಿಟಿವ್ ತೋರಿಸುವ ಟಿ ಜಾಗ ಬೆಳ್ಳಗೇ ಇತ್ತು. ಏಳಕ್ಕೆ ಟ್ಯೂಬ್‌ಲೈಟಿಗೆ ಓರೆ ಹಿಡಿದರೆ ಗುಲಾಬಿ ನೆರಳು. ಹತ್ತಕ್ಕೆ ಗೆರೆಯೇ, ಅನುಮಾನವಿಲ್ಲ. ಹೋದ ಸಲದ ಕಾರ್ಡಿನಲ್ಲಿ ಗಾಢವಾಗಿತ್ತು ಎಂಬ ನೆನಪು. “ಪಾಸಿಟಿವ್ ಇದೆ ಯಜಮಾನ್ರೇ, ಆದ್ರೆ ಮೊದಲಿಗಿಂತ ಕಮ್ಮಿಯಾಗಿದೆ” ಅಂದುಬಿಟ್ಟೆ.

ಕಮ್ಮಿಯಾಗಿದೆ ಅಂದರೆ ಪೂರ್ತಿ ಹೋಗಿಲ್ಲ ಅಂತಾಯಿತಲ್ಲ? ಎರಡನೇ ಕೋರ್ಸ್ ಶುರುವಾಯಿತು. ನಾಲ್ಕನೇ ದಿನ ವಾಂತಿ, ಬಾಯೆಲ್ಲ ಕಹಿ. ಡಾಕ್ಟರ್ ಫೋನ್ ಮಾಡಿದರು: “ಟೈಟರ್ ಎಷ್ಟಿತ್ತಪ್ಪಾ?” (ಟೈಟರ್ ಅಂದರೆ ರಕ್ತದಲ್ಲಿನ ಪ್ರತಿಕಾಯದ ಅಳತೆ.) “ಟೈಟರ್ ಇಲ್ಲ ಸಾರ್, ಕಾರ್ಡು.” ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಗ ಮಲದಲ್ಲಿ ಬ್ಯಾಕ್ಟೀರಿಯಾದ ಅಂಶವನ್ನೇ ಹುಡುಕುವ ಆ್ಯಂಟಿಜನ್ ಟೆಸ್ಟ್ ಮಾಡಿಸುವ ಹಾಗೂ ಇರಲಿಲ್ಲ. ಆ್ಯಂಟಿಬಯೋಟಿಕ್ ಒಳಗಿರುವಾಗ ನೆಗೆಟಿವ್ ಬಂದರೆ ನಂಬುವುದು ಹೇಗೆ?

ಕಾರ್ಡ್ ಹಿಡಿಯುವುದು ಐಜಿಜಿಯನ್ನು, ಅಂದರೆ ಸೋಂಕಿನ ವಿರುದ್ಧ ಮೈ ತಯಾರಿಸುವ ಪ್ರತಿಕಾಯವನ್ನು; ಬ್ಯಾಕ್ಟೀರಿಯಾವನ್ನಲ್ಲ. ಬ್ಯಾಕ್ಟೀರಿಯಾ ಸತ್ತ ಮೇಲೂ ಐಜಿಜಿ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಗೆರೆಯ ಬಣ್ಣ ಅಳತೆಯೂ ಅಲ್ಲ: ಕಿಟ್ಟಿನ ಲಾಟ್ ಬದಲಾದರೆ, ಬಫರ್ ಒಂದು ಹನಿ ಹೆಚ್ಚಾದರೆ, ಐದು ನಿಮಿಷ ತಡವಾಗಿ ಓದಿದರೆ ಬಣ್ಣ ಬೇರೆ. ಹೊತ್ತು ಮೀರಿ ಒಣಗಿದ ಪಟ್ಟಿಯಲ್ಲಿ ಇಲ್ಲದ ಗೆರೆಯೂ ಮೂಡೀತು. ಇಳಿಕೆ ನೋಡಲೇಬೇಕೆಂದರೆ ಪ್ರತಿಕಾಯವನ್ನು ಅಂಕಿಯಲ್ಲಿ ಅಳೆಯುವ ಎಲಿಸಾ ಟೆಸ್ಟ್ ಬೇಕು. ಅದಕ್ಕೂ ಚಿಕಿತ್ಸೆಗೆ ಮುಂಚಿನ ಸೀರಂ ಮೈನಸ್ 20 ಡಿಗ್ರಿಯಲ್ಲಿ ಇಟ್ಟಿದ್ದು, ಆರು ತಿಂಗಳ ನಂತರದ ಸೀರಂ ಜೊತೆ ಒಂದೇ ಪ್ಲೇಟಿನಲ್ಲಿ ಹಾಕಬೇಕು. ಅರ್ಧಕ್ಕಿಂತ ಹೆಚ್ಚು ಇಳಿದಿದ್ದರೆ ಏನಾದರೂ ಹೇಳಬಹುದು. ನಾವೋ ಎರಡು ದಿನಕ್ಕೆ ಸೀರಂ ಬಿಸಾಡುವವರು.

ಕೋರ್ಸ್ ಫಲಿಸಿತಾ ಅಂತ ತಿಳಿಯಲು ಮಲದ ಆ್ಯಂಟಿಜನ್ ಅಥವಾ ಯೂರಿಯಾ ಉಸಿರು ಪರೀಕ್ಷೆ. ಆ್ಯಂಟಿಬಯೋಟಿಕ್, ಬಿಸ್ಮತ್ ನಿಂತು ಕನಿಷ್ಠ 4 ವಾರ, ಪ್ಯಾಂಟೊಪ್ರಜೋಲ್ ಥರದ ಗ್ಯಾಸ್ ಮಾತ್ರೆ ನಿಂತು 2 ವಾರ ಆಗಿರಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದೂ ನೆಗೆಟಿವ್ ಬರಬಹುದು. ರಕ್ತದ ಟೆಸ್ಟ್ ದಂಡ ಅಂತಲ್ಲ. ಅಲ್ಸರಿನಿಂದ ರಕ್ತ ಸೋರುತ್ತಿರುವವರಲ್ಲಿ, ಮಾತ್ರೆ ನಿಲ್ಲಿಸಲಾಗದವರಲ್ಲಿ ಬೇರೆ ಟೆಸ್ಟುಗಳು ಕೈಕೊಟ್ಟಾಗ ಇದು ನೆರವಿಗೆ ಬರುತ್ತದೆ, ಅದೂ ಮೊದಲು ಚಿಕಿತ್ಸೆ ಆಗಿರದಿದ್ದರೆ. ನಮ್ಮಲ್ಲಿ ಚಿಕ್ಕಂದಿನಲ್ಲೇ ಸೋಂಕು ತಗುಲಿದವರು ಬಹಳ. ಹಾಗಾಗಿ ‘ಗ್ಯಾಸ್ಟ್ರಿಕ್’ ಅಂದವರಿಗೆಲ್ಲ ಕಾರ್ಡ್ ಹಾಕಿದರೆ ಗೆರೆ ಬರುವುದೇನೂ ವಿಶೇಷವಲ್ಲ.

ಮಲದ ಕಿಟ್ ತರಿಸಿ ಅಂದರೆ ಮ್ಯಾನೇಜ್‌ಮೆಂಟಿನದು ಒಂದೇ ಉತ್ತರ: “ಎಕ್ಸ್‌ಪೈರಿ ಆಗುತ್ತೆ.” ಅದೂ ಪೂರ್ತಿ ಸುಳ್ಳಲ್ಲ. ರಕ್ತಕ್ಕೆ ತಕ್ಷಣ ತೋಳು ಚಾಚುವವರು ಡಬ್ಬಿ ಕೊಟ್ಟರೆ “ನಾಳೆ ತರ್ತೀನಿ” ಅಂತ ಹೋದವರು ಬರುವುದೇ ಇಲ್ಲ.

ಈಗ ಸೂಜಿ ಚುಚ್ಚುವ ಮುಂಚೆ ಕೇಳುತ್ತೇನೆ: ಕೋರ್ಸ್ ಮುಗಿಸಿದ್ದೀರಾ, ಯಾವಾಗ? ಹೌದು ಅಂದರೆ ಡಾಕ್ಟರಿಗೆ ಫೋನ್. ಗೆರೆ ತೆಳುವೋ ಗಾಢವೋ, ಬಾಯಿ ಬಿಡುವುದಿಲ್ಲ. ರಿಪೋರ್ಟಿನ ಕಾಮೆಂಟ್ ಜಾಗದಲ್ಲಿ ಏನು ಟೈಪ್ ಮಾಡಿದರೂ ಪ್ರಿಂಟಿಗೆ ಬರುವುದಿಲ್ಲ, ದೂರು ಕೊಟ್ಟು ಐದು ತಿಂಗಳಾಯಿತು. ಅದಕ್ಕೇ ‘ಚಿಕಿತ್ಸೆಯ ಫಲ ತಿಳಿಯಲು ಈ ಪರೀಕ್ಷೆ ಸಲ್ಲದು’ ಅಂತ ರಬ್ಬರ್ ಸೀಲ್ ಮಾಡಿಸಿ ಒತ್ತುತ್ತಿದ್ದೇವೆ.