ಝಡ್‌ಎಫ್‌ಎಸ್ ಪೂಲ್‌ಗೆ ಎರಡನೆಯ ಡಿಸ್ಕ್: ಆ್ಯಡ್ ಎಂದು ಬರೆದು ಅಟ್ಯಾಚ್‌ಗೆ ಮರಳಿದ ಎರಡು ದಿನಗಳು

ಶನಿವಾರ, ಬೆಳಿಗ್ಗೆ

ಸರ್ವರ್‌ನಲ್ಲಿ ಒಂದು ವರ್ಷದಿಂದ 4 ಟಿಬಿಯ ಒಂದೇ ಡಿಸ್ಕ್‌ನ ಮೇಲೆ ನಡೆಯುತ್ತಿರುವ ಝಡ್‌ಎಫ್‌ಎಸ್ (ಒಂದು ಕಡತ ವ್ಯವಸ್ಥೆ) ಪೂಲ್ ಅನ್ನು, ಅಂದರೆ ಡಿಸ್ಕ್‌ಗಳ ಜಾಗವನ್ನು ಒಟ್ಟುಗೂಡಿಸಿದ ಸಂಗ್ರಹವನ್ನು, ಮಿರರ್ (ಎರಡು ಡಿಸ್ಕ್‌ಗಳಲ್ಲೂ ಒಂದೇ ದತ್ತಾಂಶವಿರುವ ಜೋಡಿ) ಆಗಿ ಮಾರ್ಪಡಿಸುವುದು ಈ ವಾರಾಂತ್ಯದ ಕೆಲಸ. ಅಷ್ಟೇ ಗಾತ್ರದ ಎರಡನೆಯ ಡಿಸ್ಕ್ ಅನ್ನು ಕೂರಿಸಿದ್ದಾಗಿದೆ. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಯಂತ್ರ ಮರುಚಾಲನೆಗೊಂಡಾಗ ಅದಲುಬದಲಾಗಬಹುದಾದ್ದರಿಂದ, ಡಿಸ್ಕ್‌ನ ಮೇಲಿನ ಚೀಟಿಯಲ್ಲಿರುವ ಸೀರಿಯಲ್ ಸಂಖ್ಯೆಯನ್ನೇ ಹೊತ್ತಿರುವ ಬೈ-ಐಡಿ ಹೆಸರನ್ನು ಮೊದಲಿನಿಂದಲೂ ಬಳಸುತ್ತಿದ್ದೇನೆ. ಪೂಲ್‌ನಲ್ಲಿ ಸದ್ಯ 1.4 ಟಿಬಿಯಷ್ಟು ದತ್ತಾಂಶವಿದೆ.

ಶನಿವಾರ, ಮಧ್ಯಾಹ್ನ

ತಪ್ಪು ಮಾಡಿದೆ. ಇದಕ್ಕೂ ಮುನ್ನ ಹಲವು ವರ್ಷ ಎಲ್‌ವಿಎಂ (ಲಿನಕ್ಸ್‌ನಲ್ಲಿ ಹಲವು ಡಿಸ್ಕ್‌ಗಳನ್ನು ಒಂದು ಗುಂಪಾಗಿ ನಿರ್ವಹಿಸುವ ವ್ಯವಸ್ಥೆ) ಬಳಸಿ ರೂಢಿಯಾಗಿದ್ದ ಕೈಗೆ, ಹೊಸ ಡಿಸ್ಕ್ ಬಂದೊಡನೆ ಅದನ್ನು ಗುಂಪಿಗೆ ಸೇರಿಸುವುದೇ ಸಹಜವಾಗಿತ್ತು. ಹಾಗಾಗಿ ಝಡ್‌ಪೂಲ್ ಅಟ್ಯಾಚ್ ಎಂದು ಬರೆಯಬೇಕಿದ್ದ ಕಡೆ ಝಡ್‌ಪೂಲ್ ಆ್ಯಡ್ ಎಂದು ಬರೆದು ಎಂಟರ್ ಒತ್ತಿಬಿಟ್ಟೆ. ಅಟ್ಯಾಚ್ ಆದರೆ ಈಗಾಗಲೇ ಇರುವ ಡಿಸ್ಕ್‌ಗೆ ಜೋಡಿಯಾಗಿ ಹೊಸದು ನಿಂತು, ಎರಡರಲ್ಲೂ ಒಂದೇ ದತ್ತಾಂಶ ಇರುತ್ತದೆ. ಆ್ಯಡ್ ಆದರೆ ಹೊಸ ಡಿಸ್ಕ್ ಪೂಲ್‌ನ ಮೇಲ್ಮಟ್ಟದಲ್ಲಿ ಸ್ವತಂತ್ರ ವಿಡೆವ್ (ಪೂಲ್ ಅನ್ನು ಕಟ್ಟಿರುವ ಘಟಕ) ಆಗಿ ಸೇರಿಕೊಳ್ಳುತ್ತದೆ, ಬರಹಗಳು ಎರಡರ ನಡುವೆ ಹಂಚಿಹೋಗುತ್ತವೆ, ಮತ್ತು ಆ ಎರಡರಲ್ಲಿ ಯಾವುದೊಂದು ಕೆಟ್ಟರೂ ಇಡೀ ಪೂಲ್ ಹೋಗುತ್ತದೆ. ರಕ್ಷಣೆಯನ್ನು ಹೆಚ್ಚಿಸಲು ಹೊರಟವನು ಅಪಾಯವನ್ನು ದುಪ್ಪಟ್ಟು ಮಾಡಿಕೊಂಡಿದ್ದೆ.

ಎಚ್ಚರಿಕೆ ಏಕೆ ಬರಲಿಲ್ಲ ಎಂಬುದನ್ನು ಆಮೇಲೆ ಯೋಚಿಸಿದೆ. ಪೂಲ್ ಮೊದಲೇ ಮಿರರ್ ಆಗಿದ್ದು ಅದಕ್ಕೆ ಒಂಟಿ ಡಿಸ್ಕ್ ಸೇರಿಸಲು ಹೋಗಿದ್ದರೆ, ರಕ್ಷಣೆಯ ಮಟ್ಟ ಹೊಂದುತ್ತಿಲ್ಲವೆಂದು ಆದೇಶ ನಿರಾಕರಿಸಿ, ಬಲವಂತ ಮಾಡಬೇಕಾದರೆ ಎಫ್ ಆಯ್ಕೆ ಕೊಡು ಎನ್ನುತ್ತಿತ್ತು. ಇಲ್ಲಿ ಹಳೆಯದೂ ಒಂಟಿ, ಹೊಸದೂ ಒಂಟಿ. ಝಡ್‌ಎಫ್‌ಎಸ್‌ನ ದೃಷ್ಟಿಯಲ್ಲಿ ಯಾವ ಅಸಂಗತಿಯೂ ಇರಲಿಲ್ಲ. ಆದೇಶಕ್ಕೆ ಎನ್ ಆಯ್ಕೆಯನ್ನು ಜೋಡಿಸಿದ್ದರೆ ಏನನ್ನೂ ಬದಲಿಸದೆ ಮುಂದಿನ ವಿನ್ಯಾಸವನ್ನಷ್ಟೇ ತೋರಿಸುತ್ತಿತ್ತು. ಅದನ್ನೂ ನಾನು ಮಾಡಿರಲಿಲ್ಲ.

ಗೊತ್ತಾದದ್ದು ಗಾತ್ರದಿಂದ. ಹಳೆಯ ಕಡತಗಳನ್ನು ಪೂಲ್‌ಗೆ ನಕಲು ಮಾಡುತ್ತಾ ಎರಡು ಗಂಟೆ ಕಳೆದ ಮೇಲೆ ಝಡ್‌ಪೂಲ್ ಲಿಸ್ಟ್ ನೋಡಿದರೆ, 3.6 ಟಿ (4 ಟಿಬಿ ಡಿಸ್ಕ್ 1024ರ ಲೆಕ್ಕದಲ್ಲಿ ಹೀಗೆ ಕಾಣುತ್ತದೆ) ಇರಬೇಕಾದ ಗಾತ್ರ 7.2 ಟಿ ಆಗಿತ್ತು. ಮಿರರ್ ಆದ ಪೂಲ್ ಹಿಗ್ಗುವುದಿಲ್ಲ.

ಶನಿವಾರ, ರಾತ್ರಿ

ಪರಿಹಾರವಿದೆ. ಲಿನಕ್ಸ್‌ನಲ್ಲಿ 2019ರ 0.8 ಆವೃತ್ತಿಯಿಂದ ಝಡ್‌ಪೂಲ್ ರಿಮೂವ್ ಮೂಲಕ ಮೇಲ್ಮಟ್ಟದ ವಿಡೆವ್ ಅನ್ನೇ ತೆಗೆಯಬಹುದು. ಅದರಲ್ಲಿರುವ ದತ್ತಾಂಶ ಉಳಿದ ಡಿಸ್ಕ್‌ಗೆ ಸಾಗುತ್ತದೆ. ಆದರೆ ಪೂಲ್‌ನ ಮೇಲ್ಮಟ್ಟದಲ್ಲಿ ರೇಡ್‌ಝಡ್ (ಹಲವು ಡಿಸ್ಕ್‌ಗಳಲ್ಲಿ ಪ್ಯಾರಿಟಿಯೊಂದಿಗೆ ದತ್ತಾಂಶ ಹಂಚುವ ವಿನ್ಯಾಸ) ಇರಕೂಡದು, ಮತ್ತು ಎಲ್ಲ ವಿಡೆವ್‌ಗಳ ಆಶಿಫ್ಟ್ (ಸೆಕ್ಟರ್ ಗಾತ್ರವನ್ನು 2ರ ಘಾತವಾಗಿ ಹೇಳುವ ಸಂಖ್ಯೆ) ಒಂದೇ ಆಗಿರಬೇಕು. ನನ್ನ ಪುಣ್ಯಕ್ಕೆ ಎರಡೂ 12, ಅಂದರೆ 4096 ಬೈಟ್‌ನ ಸೆಕ್ಟರ್. ಹೊಸದು 9 ಆಗಿ ಸೇರಿದ್ದಿದ್ದರೆ, ಆಶಿಫ್ಟ್ ಅನ್ನು ನಂತರ ಬದಲಿಸಲಾಗದ ಕಾರಣ, ಎಲ್ಲವನ್ನೂ ಬೇರೆಡೆಗೆ ಸಾಗಿಸಿ ಪೂಲ್ ಅನ್ನು ಹೊಸದಾಗಿ ಕಟ್ಟಬೇಕಾಗುತ್ತಿತ್ತು.

ರಿಮೂವ್ ದತ್ತಾಂಶವನ್ನು ಸಾಗಿಸುವಾಗ ಚೆಕ್‌ಸಮ್ (ದತ್ತಾಂಶ ಕೆಟ್ಟಿದೆಯೇ ಎಂದು ತಿಳಿಸುವ ತಾಳೆ ಸಂಖ್ಯೆ) ಪರಿಶೀಲಿಸುವುದಿಲ್ಲ. ಬ್ಲಾಕ್‌ಗಳ ಎಲ್ಲೆ ಯಾವುದೆಂದು ಅದಕ್ಕೆ ತಿಳಿಯದು, ದೊಡ್ಡ ತುಂಡುಗಳನ್ನು ಹಾಗೆಯೇ ಎತ್ತಿಡುತ್ತದೆ. ಆದ್ದರಿಂದ ಮೊದಲು ಸ್ಕ್ರಬ್, ಅಂದರೆ ಇಡೀ ಪೂಲ್‌ನ ದತ್ತಾಂಶವನ್ನು ಓದಿ ಚೆಕ್‌ಸಮ್ ತಾಳೆ ನೋಡುವ ಕೆಲಸ, ನಡೆಸಿದೆ. ಮೂರು ಗಂಟೆಗೂ ಹೆಚ್ಚು ಹಿಡಿಯಿತು, ಒಂದೂ ದೋಷ ಕಾಣಲಿಲ್ಲ. ಆಮೇಲೆ ರಿಮೂವ್ ಕೊಟ್ಟು, ಮುಗಿಯುವವರೆಗೆ ಟರ್ಮಿನಲ್ ಕಾಯಲಿ ಎಂದು ಝಡ್‌ಪೂಲ್ ವೇಟ್ ಬಳಸಿದೆ. ಹೊಸ ಡಿಸ್ಕ್‌ಗೆ ಹೋಗಿದ್ದ 180 ಜಿಬಿಯಷ್ಟು ದತ್ತಾಂಶ ಅರ್ಧ ಗಂಟೆಯಲ್ಲಿ ಹಳೆಯದಕ್ಕೆ ಮರಳಿತು.

ಭಾನುವಾರ

ಅಟ್ಯಾಚ್‌ಗೆ ಪೂಲ್‌ನ ಹೆಸರು, ಹಳೆಯ ಡಿಸ್ಕ್, ಹೊಸ ಡಿಸ್ಕ್ ಎಂಬ ಮೂರನ್ನೂ ಇದೇ ಕ್ರಮದಲ್ಲಿ ಕೊಡಬೇಕು. ಈ ಬಾರಿ ಒಂದೊಂದು ಅಕ್ಷರವನ್ನೂ ಓದಿಕೊಂಡು ಒತ್ತಿದೆ. ರಿಸಿಲ್ವರ್ (ಹೊಸ ಡಿಸ್ಕ್‌ಗೆ ದತ್ತಾಂಶ ತುಂಬುವ ಪ್ರಕ್ರಿಯೆ) ಬಳಕೆಯಲ್ಲಿರುವ ಭಾಗವನ್ನು ಮಾತ್ರ ನಕಲು ಮಾಡುವುದರಿಂದ 4 ಟಿಬಿಯನ್ನೂ ಓದಬೇಕಾಗಲಿಲ್ಲ, ನಾಲ್ಕು ಗಂಟೆಯೊಳಗೆ ಮುಗಿಯಿತು. ಪೂಲ್ ಮತ್ತೆ 3.6 ಟಿಗೆ ಬಂದಿದೆ, ಸ್ಟೇಟಸ್‌ನಲ್ಲಿ ಎರಡೂ ಡಿಸ್ಕ್‌ಗಳು ಮಿರರ್-0ರ ಅಡಿಯಲ್ಲಿ ಕಾಣುತ್ತಿವೆ.

ಇಂಥ ಕೆಲಸಕ್ಕೆ ಮುನ್ನ ಪೂಲ್ ಚೆಕ್‌ಪಾಯಿಂಟ್ (ಇಡೀ ಪೂಲ್ ಅನ್ನು ಹಿಂದಕ್ಕೆ ಒಯ್ಯಲು ಗುರುತಿಟ್ಟ ಸ್ಥಿತಿ) ಇಟ್ಟುಕೊಳ್ಳಬಹುದಿತ್ತಲ್ಲ ಎಂದು ಅನ್ನಿಸಿದ್ದುಂಟು. ಚೆಕ್‌ಪಾಯಿಂಟ್ ಇದ್ದಾಗ ಆ್ಯಡ್ ನಡೆಯುತ್ತದೆ, ಅಟ್ಯಾಚ್ ಮತ್ತು ರಿಮೂವ್ ನಡೆಯುವುದಿಲ್ಲ. ಅಂದರೆ ನನ್ನ ತಪ್ಪನ್ನು ಅದು ತಡೆಯುತ್ತಿರಲಿಲ್ಲ, ಸರಿಯಾದ ಆದೇಶವನ್ನು ತಡೆಯುತ್ತಿತ್ತು. ಆದರೂ ಆಮೇಲೆ ನಕಲಾದ ಕಡತಗಳನ್ನು ಬಿಟ್ಟುಕೊಡಲು ಸಿದ್ಧನಿದ್ದರೆ, ಆ್ಯಡ್‌ಗಿಂತ ಹಿಂದಿನ ಸ್ಥಿತಿಗೆ ಒಂದೇ ಹೆಜ್ಜೆಯಲ್ಲಿ ಮರಳುವ ದಾರಿ ಅದೊಂದೇ ಆಗಿರುತ್ತಿತ್ತು.

ಉಳಿದಿರುವ ಗುರುತು ಒಂದೇ. ತೆಗೆದ ಡಿಸ್ಕ್‌ನಲ್ಲಿದ್ದ ಬ್ಲಾಕ್‌ಗಳ ಹೊಸ ವಿಳಾಸಗಳನ್ನು ಪೂಲ್ ಒಂದು ಪಟ್ಟಿಯಲ್ಲಿ ಇಟ್ಟುಕೊಂಡಿದೆ, ಅದಕ್ಕೆ ಸ್ವಲ್ಪ ಮೆಮೊರಿಯೂ ಬೇಕು. ವಿಡೆವ್ 1 ಅನ್ನು ತೆಗೆಯಲಾಗಿದೆ ಎಂಬ ಸಾಲು ಝಡ್‌ಪೂಲ್ ಸ್ಟೇಟಸ್ ಕೊಟ್ಟಾಗಲೆಲ್ಲ ದಿನಾಂಕದ ಸಮೇತ ಕಾಣಿಸಿಕೊಳ್ಳುತ್ತದೆ. ಮುಂದಿನ ವಾರ ತಿಂಗಳಿಗೊಮ್ಮೆ ಸ್ಕ್ರಬ್ ನಡೆಯುವಂತೆ ಟೈಮರ್ ಇಡಬೇಕು.