ಕರಾಟೆ ಆದ ಮೇಲೆ ಜೂಡೋ

ಕರಾಟೆ ಕಲಿತು ಜೂಡೋಗೆ ಸೇರಿದಾಗ ಮೊದಲು ಕಾಡಿದ್ದು ದೂರದ ಲೆಕ್ಕ. ಕರಾಟೆಯಲ್ಲಿ ಎದುರಾಳಿ ಒಂದು ಹೆಜ್ಜೆ ಆಚೆ ಇರುತ್ತಾನೆ. ಆ ಜಾಗವೇ ನಮಗೆ ರಕ್ಷಣೆ. ಜೂಡೋದಲ್ಲಿ ಅದು ಇಲ್ಲವೇ ಇಲ್ಲ. ಕಾಲರ್, ತೋಳು ಹಿಡಿದ ತಕ್ಷಣ ಆಟ ಶುರು. ಇಲ್ಲಿ ಕಣ್ಣಿಗಿಂತ ಕೈಗೇ ಜಾಸ್ತಿ ಗೊತ್ತಾಗುತ್ತದೆ. ಅವನ ಭಾರ ಯಾವ ಕಾಲಿನ ಮೇಲಿದೆ, ಯಾವಾಗ ಎಳೆಯುತ್ತಾನೆ, ಎಲ್ಲಾ ಹಿಡಿದ ಬಟ್ಟೆಯಲ್ಲೇ ತಿಳಿಯುತ್ತದೆ.

1882ರಲ್ಲಿ ಜೂಡೋ ಶುರು ಮಾಡಿದ ಜಿಗೊರೊ ಕಾನೊ ಅವರು ರಾಂದೋರಿಗೆ, ಅಂದರೆ ನಿಜವಾಗಿ ಎದುರಿಸುವ ಜೊತೆಗಾರನೊಡನೆ ಮಾಡುವ ಅಭ್ಯಾಸಕ್ಕೆ, ತುಂಬಾ ಮಹತ್ವ ಕೊಟ್ಟರು. ಸರಿಯಾಗಿ ಬೀಳುವುದನ್ನು ಕಲಿತರೆ ಮ್ಯಾಟ್ ಮೇಲೆ ಎಷ್ಟು ಸಲ ಬೇಕಾದರೂ ಬಿದ್ದು ಏಳಬಹುದು. ಮುಖಕ್ಕೆ ಪೂರ್ತಿ ಬಲದ ಗುದ್ದನ್ನು ದಿನಾ ತಿನ್ನಲು ಆಗುವುದಿಲ್ಲ ಅಲ್ವಾ? ಜೂಡೋದಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ.

ಹಾಗಂತ ಕರಾಟೆಯ ಕಟಾ, ಅಂದರೆ ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವ ಚಲನೆಗಳ ಅಭ್ಯಾಸ, ಬಿಟ್ಟಿಲ್ಲ, ಬಿಡುವುದೂ ಇಲ್ಲ. ಗುದ್ದಿನ ಬಲ ಸೊಂಟದಿಂದ ಬರಬೇಕು ಅನ್ನೋದು ಮೈಗೆ ಹತ್ತಿದ್ದು ಅದರಿಂದಲೇ. ಈಗ ಜೂಡೋದಲ್ಲಿ ಒ-ಗೋಶಿ, ಅಂದರೆ ಎದುರಾಳಿಯನ್ನು ಸೊಂಟದ ಮೇಲಿಂದ ಎಸೆಯುವ ಪಟ್ಟು, ಹಾಕುವಾಗಲೂ ಅದೇ ಸೊಂಟದ ತಿರುವು ಕೆಲಸಕ್ಕೆ ಬರುತ್ತಿದೆ. ಮುಂದೆ ಬಾಕ್ಸಿಂಗ್ ಕಲಿಯುವ ಆಸೆ ಇದೆ, ಅದರಲ್ಲೂ ಗುದ್ದು ಬರುವಾಗ ತಲೆ ತಪ್ಪಿಸುವುದನ್ನು.